ಪರ್ಮನೆಂಟ್ ಅಳಿಯ

ಕೆಲವರಿಗೆ ನೆಗಡಿ ಬೇಗ ಹಿಡಿಯುತ್ತದೆ, ನನಗೆ ಇಂಥ ಪ್ರಸಂಗಗಳು. ನಾನಾಗಿ ಹುಡುಕಿಕೊಂಡು ಹೋದವನಲ್ಲ. ಏಣಿ ಹತ್ತಿ ನನ್ನ ಪಾಡಿಗೆ ವಯರು ಎಳೆಯುತ್ತಿದ್ದರೂ ಅವೇ ಬಂದು ಏಣಿಯ ಬುಡದಲ್ಲಿ ನಿಲ್ಲುತ್ತವೆ.

೧. ಪಾಯಿಂಟಿಗೆ ಇಷ್ಟು

ನಾನು ಎಲ್ಲೂರಿನವನು. ಎಸ್ಸೆಸ್ಸೆಲ್ಸಿಯನ್ನು ಒಂದೇ ಏಟಿಗೆ ಪಾಸು ಮಾಡಿ, ಉಡುಪಿಯ ಒಬ್ಬ ವಯರಿಂಗ್ ಮೇಸ್ತ್ರಿಯ ಕೈಕೆಳಗೆ ಎರಡು ವರ್ಷ ಕಲಿತು, ಮೂರನೆಯ ವರ್ಷ ಅವರಿಗೇ ಕಲಿಸುವಷ್ಟು ಆದವನು. ಎಂಬತ್ತರ ಆಚೀಚೆ, ಕಾಪುವಿನಲ್ಲಿ ಗಲ್ಫಿನ ದುಡ್ಡಿನ ಮನೆಗಳು ಏಳುತ್ತಿದ್ದ ಕಾಲ. ನಮ್ಮ ಕೆಲಸಕ್ಕೆ ಪಾಯಿಂಟ್ ಲೆಕ್ಕ. ಒಂದು ದೀಪ, ಅದರ ಸ್ವಿಚ್ಚು ಸೇರಿದರೆ ಒಂದು ಪಾಯಿಂಟ್. ಪಾಯಿಂಟಿಗೆ ಇಷ್ಟು ಅಂತ ಕಂಟ್ರಾಕ್ಟು. ಹಾಗಾಗಿ ನನಗೆ ಖಾಲಿ ಗೋಡೆ ಕಂಡರೆ ಆಗುತ್ತಿರಲಿಲ್ಲ.

ದುಬೈಯಲ್ಲಿ ಅಂಗಡಿ ಇದ್ದ ಒಬ್ಬ ಬ್ಯಾರಿ ಸಾಹುಕಾರರ ಮನೆಗೆ ವಯರಿಂಗ್ ಮಾಡಿದೆ. ಅವರು ಅಲ್ಲಿ, ನಾನು ಇಲ್ಲಿ, ಕೇಳುವವರಿಲ್ಲ. ಮೆಟ್ಟಿಲಿಗೆ ಮೂರು ದೀಪ, ಬಚ್ಚಲಿಗೆ ಎರಡು, ಕೋಳಿಗೂಡಿಗೂ ಒಂದು. ಸಾಹುಕಾರರು ರಜೆಯಲ್ಲಿ ಬಂದವರು ಒಂದು ಸಂಜೆ ಎಲ್ಲ ದೀಪ ಹಾಕಿಸಿ ಕೋಣೆ ಕೋಣೆ ಸುತ್ತಿದರು. ಕೋಳಿಗೂಡಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಎಲ್ಲ ಚಂದ ಉಂಟು. ಇನ್ನು ಇಷ್ಟನ್ನೂ ಆರಿಸಲಿಕ್ಕೆ ಒಬ್ಬ ಆಳು ಬೇಕಲ್ಲ, ತಿಂಗಳ ಸಂಬಳಕ್ಕೆ ನೀನೇ ಬಾ."

೨. ಮಳೆಗಾಲದ ಪ್ರಶ್ನೆ

ಕಾರ್ಕಳದಲ್ಲಿ ಒಂದು ಮನೆಯ ಕೆಲಸ ಹಿಡಿದಿದ್ದೆ. ಪಕ್ಕದ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹುಡುಗಿ ತಲೆಯೆತ್ತಿ, ನಾನು ಹಾಕಿದ ಸ್ವಿಚ್ ಬೋರ್ಡು ಓರೆಯಾಗಿದೆ ಎಂದಳು. ನೋಡಿದೆ, ಹೌದು, ಓರೆಯೇ. ನನ್ನ ಕೆಲಸದಲ್ಲಿ ತಪ್ಪು ತೆಗೆದವರು ಅಷ್ಟರವರೆಗೆ ಯಾರೂ ಇರಲಿಲ್ಲ. ಮದುವೆಯಾದರೆ ಇವಳನ್ನೇ ಎಂದು ಅಂದೇ ನಿಶ್ಚಯಿಸಿದೆ.

ಅವಳ ಅಪ್ಪ ಅಲ್ಲೇ ಒಂದು ಆಫೀಸಿನಲ್ಲಿ ಅಟೆಂಡರ್. ಇಪ್ಪತ್ತೆರಡು ವರ್ಷ ಸರ್ವಿಸು. ಹೆಣ್ಣು ಕೇಳಲಿಕ್ಕೆ ಹೋದಾಗ ಅವರು ನನ್ನ ಹೆಸರನ್ನೂ ಕೇಳಲಿಲ್ಲ, "ಪರ್ಮನೆಂಟಾ?" ಎಂದು ಕೇಳಿದರು. ಪರ್ಮನೆಂಟಿನವನು ಮೂರು ತಿಂಗಳು ದುಡಿಯುವುದನ್ನು ನಾನು ಒಂದೇ ತಿಂಗಳಲ್ಲಿ ದುಡಿಯುತ್ತೇನೆ ಎಂದೆ, ಸ್ವಲ್ಪ ಗಟ್ಟಿಯಾಗಿಯೇ, ಒಳಗೂ ಕೇಳಲಿ ಎಂದು.

"ಮಳೆಗಾಲದಲ್ಲಿ?" ಎಂದರು.

ಮಳೆ ಹಿಡಿದರೆ ಮನೆ ಕಟ್ಟುವ ಕೆಲಸ ನಿಲ್ಲುತ್ತದೆ, ಆ ನಾಲ್ಕು ತಿಂಗಳು ಕೈ ಸ್ವಲ್ಪ ಬಿಗಿ ಎಂದು ಒಪ್ಪಬೇಕಾಯಿತು. ಅವರು ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟು, ನಿಧಾನ ಅಗಿದರು.

"ಹಾಗಾದರೆ ನನ್ನ ಮಗಳು ಜೂನಿನಲ್ಲಿ ಇಲ್ಲಿಗೆ ಬಂದು, ಅಕ್ಟೋಬರಿನಲ್ಲಿ ವಾಪಸು ಹೋಗಬೇಕಾ?"

೩. ಬುಧವಾರದೊಳಗೆ

ಅವಳಿಗೋಸ್ಕರ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿದೆ. ಸಂಬಳ ನನ್ನ ಕಂಟ್ರಾಕ್ಟಿನ ಮೂರನೇ ಒಂದು ಪಾಲು. ಇಂಥ ತ್ಯಾಗ ಎಲ್ಲರಿಂದ ಆಗುವುದಲ್ಲ.

ಸೋಮವಾರ ಸೂಪರ್‌ವೈಸರರು ಒಂದು ಪುಸ್ತಕ ಕೊಟ್ಟರು. ಯಾವ ರೂಮಿನಲ್ಲಿ ಫ್ಯಾನು ತಿರುಗುವುದಿಲ್ಲ, ಯಾವ ರೂಮಿನಲ್ಲಿ ಬಲ್ಬು ಹೋಗಿದೆ, ಎಲ್ಲ ಅದರಲ್ಲಿತ್ತು. ಕಂಟ್ರಾಕ್ಟಿನ ಕೈ ಅಲ್ವಾ, ಬುಧವಾರ ಮಧ್ಯಾಹ್ನದೊಳಗೆ ಇಡೀ ಪುಸ್ತಕ ಮುಗಿಸಿ, ಶಹಬ್ಬಾಸ್ ಹೇಳಿಸಿಕೊಳ್ಳಲಿಕ್ಕೆ ಎದುರು ನಿಂತೆ. ಸೂಪರ್‌ವೈಸರರ ಮುಖ ಇಳಿದುಹೋಯಿತು.

"ಇದು ಒಂದು ತಿಂಗಳಿನದ್ದು ಮಾರಾಯ. ನಾಳೆಯಿಂದ ನಾವು ಮೂರು ಜನ ಎಂತ ಮಾಡುವುದು?"

ಇನ್ನೂ ಕೆಲಸ ಹುಡುಕುವ ಎಂದೆ. ದಯವಿಟ್ಟು ಹುಡುಕಬೇಡ ಎಂದರು. ಗುರುವಾರ ನನಗೆ ಸಿಕ್ಕಿದ ಕೆಲಸ, ಬುಧವಾರ ಹಾಕಿದ ಬಲ್ಬುಗಳೆಲ್ಲ ಉರಿಯುತ್ತವೆಯೋ ಎಂದು ನೋಡಿಕೊಂಡು ಬರುವುದು. ಶುಕ್ರವಾರದ ಕೆಲಸ, ಗುರುವಾರ ನಾನು ಸರಿಯಾಗಿ ನೋಡಿದ್ದೆನೋ ಎಂದು ನೋಡಿಕೊಂಡು ಬರುವುದು.

೪. ಆರ್ಡರಿನ ಕೊನೆಯ ಸಾಲು

ನೇಮಕದ ಆರ್ಡರನ್ನು ಮಡಚದೆ, ಒಂದು ರಟ್ಟಿನ ನಡುವೆ ಇಟ್ಟು ಕಾರ್ಕಳಕ್ಕೆ ಒಯ್ದೆ. ಹುಡುಗಿಯ ಅಪ್ಪ ಕನ್ನಡಕ ಹಾಕಿ ಎರಡು ಸಲ ಓದಿದರು. ಬೆರಳು ಕೊನೆಯ ಸಾಲಿನಲ್ಲಿ ನಿಂತಿತು. ಒಂದು ವರ್ಷ ಪ್ರೊಬೇಶನ್.

"ಇದು ಪರ್ಮನೆಂಟ್ ಅಲ್ಲ, ಪರ್ಮನೆಂಟ್ ಆಗುವ ಆಸೆ" ಎಂದರು. ವರ್ಷ ತುಂಬಲಿ, ಕೆಲಸ ಬಿಡಬಾರದು, ಒಂದು ದೂರು ಬರಬಾರದು, ಆಮೇಲೆ ಮಾತಾಡುವ ಎಂದು ಆರ್ಡರನ್ನು ವಾಪಸು ಕೊಟ್ಟರು. ನಾನು ಚಪ್ಪಲಿ ಮೆಟ್ಟುವಾಗ ಜಗಲಿಯಿಂದ ಹುಡುಗಿ, ಬೀಡಿಯ ಮೊರದಿಂದ ಕಣ್ಣೆತ್ತದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಒಂದು ವರ್ಷ ಉಂಟಲ್ಲ. ಅಷ್ಟರಲ್ಲಿ ಆಚೆಮನೆಯ ಬೋರ್ಡನ್ನು ನೆಟ್ಟಗೆ ಮಾಡಿ."

೫. ಎರಡು ಏಣಿ

ಹತ್ತು ತಿಂಗಳು ನಾನು ಹಾಸ್ಟೆಲಿನಲ್ಲಿ ನಿಧಾನವಾಗಿ ಕೆಲಸ ಮಾಡುವುದನ್ನು ಕಲಿತೆ. ಅಷ್ಟು ಕಷ್ಟದ ವಿದ್ಯೆ ಬೇರೊಂದಿಲ್ಲ. ಆಗ ಕಾಪುವಿನಿಂದ ಕರೆ ಬಂತು. ಬೊಂಬಾಯಿಯಲ್ಲಿ ಹೋಟೆಲು ಇಟ್ಟವರ ಹೊಸ ಮನೆ, ಗೃಹಪ್ರವೇಶಕ್ಕೆ ದೀಪಾಲಂಕಾರ. ಮೂರು ದಿನದ ಕೆಲಸ, ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಕೈ ತುರಿಸಿತು. ವಿಪರೀತ ಜ್ವರ, ಏಳಲಿಕ್ಕೂ ಆಗುವುದಿಲ್ಲ ಎಂದು ರಜೆ ಅರ್ಜಿ ಬರೆದುಕೊಟ್ಟು ಬೆಳಗ್ಗಿನ ಮೊದಲ ಬಸ್ಸಿಗೆ ಹೊರಟೆ.

ಅಂಗಳದಲ್ಲಿ ಚಪ್ಪರ ಏಳುತ್ತಿತ್ತು. ನಾನು ಈಚೆಯಿಂದ ಏಣಿ ಇಟ್ಟು ಬಣ್ಣದ ಬಲ್ಬುಗಳ ಸರ ಕಟ್ಟುತ್ತಾ ಹತ್ತಿದೆ. ಆಚೆ ಕಡೆಯ ಏಣಿಯಲ್ಲಿ ಚಪ್ಪರದ ಕಂಟ್ರಾಕ್ಟಿನವರು ನನಗೆ ಬೆನ್ನು ಹಾಕಿ, ಕೆಳಗಿನವರನ್ನು ಬಯ್ಯುತ್ತಾ, ತೆಂಗಿನ ಮಡಲನ್ನು ಬಿದಿರಿಗೆ ಬಿಗಿಯುತ್ತಿದ್ದರು. ಭಾರೀ ಚುರುಕಿನ ಕೈ. ನನ್ನಷ್ಟಲ್ಲದಿದ್ದರೂ ಒಳ್ಳೆಯ ಕೆಲಸಗಾರ ಅಂದುಕೊಂಡೆ. ಇಬ್ಬರೂ ಒಂದೇ ಕಂಬದ ತುದಿಗೆ ಕೈ ಹಾಕಿದೆವು. ಅವರು ತಿರುಗಿದರು.

ಕಾರ್ಕಳದ ಅಟೆಂಡರು. ಹುಡುಗಿಯ ಅಪ್ಪ.

ಏಣಿಯ ತುದಿಯಲ್ಲಿ ನಿಂತವನಿಗೆ ಓಡಿಹೋಗುವ ಸೌಕರ್ಯ ಇಲ್ಲ. ಹತ್ತು ತಿಂಗಳು ನೀರುಪಾಲಾಯಿತು ಎಂದು ನಾನು ಬಲ್ಬಿನ ಸರ ಹಿಡಿದುಕೊಂಡೇ ನಿಂತೆ.

"ಮಣಿಪಾಲದಲ್ಲಿ ಇವತ್ತು ರಜೆಯಾ?" ಎಂದು ಕೇಳಿದರು.

"ಜ್ವರ" ಎಂದೆ. "ನಿಮಗೆ ಆಫೀಸು?"

"ಸೊಂಟ ನೋವು. ಡಾಕ್ಟ್ರು ಮಲಗಿರಲಿಕ್ಕೆ ಹೇಳಿದ್ದಾರೆ" ಎಂದವರು ಮೊಣಕಾಲನ್ನು ಕಂಬಕ್ಕೆ ಕೊಟ್ಟು ಹಗ್ಗವನ್ನು ಮೈಯೆಲ್ಲ ಬಗ್ಗಿಸಿ ಎಳೆದರು.

ನನಗೂ ಧೈರ್ಯ ಬಂತು. ಪರ್ಮನೆಂಟ್ ಪರ್ಮನೆಂಟ್ ಅಂತ ನನ್ನ ಕಂಟ್ರಾಕ್ಟು ಬಿಡಿಸಿದವರು ನೀವೇ ಅಲ್ವಾ, ಇದೆಂತದು ಎಂದು ಕೇಳಿಯೇಬಿಟ್ಟೆ. ಅವರು ಕೆಳಗೆ ಒಮ್ಮೆ ನೋಡಿ, ದಡ್ಡ ಹುಡುಗನಿಗೆ ಪಾಠ ಹೇಳುವವರ ಹಾಗೆ ಸ್ವರ ತಗ್ಗಿಸಿದರು.

"ಮತ್ತೆ ಪರ್ಮನೆಂಟ್ ಬೇಕು ಅಂತ ನಾನು ಹಟ ಹಿಡಿದದ್ದು ಯಾಕೆ ಮಾರಾಯ? ಕಂಟ್ರಾಕ್ಟಿನವನಿಗೆ ಸಂಬಳ ಕೊಟ್ಟು ಕಾಯಿಲೆ ರಜೆ ಯಾರು ಕೊಡುತ್ತಾರೆ?"

ಇಪ್ಪತ್ತೆರಡು ವರ್ಷದ ಸರ್ವಿಸು ಎಂದರೆ ಏನೆಂದು ನನಗೆ ಆಗ ತಿಳಿಯಿತು. ನನ್ನ ಪ್ರೊಬೇಶನ್ ಮುಗಿಯಲಿಕ್ಕೆ ಇನ್ನೂ ಎರಡು ತಿಂಗಳು ಇತ್ತು. ಅವರು ಕಂಬದ ಮೇಲಿಂದ ಕೈ ಚಾಚಿದರು.

"ಆ ವಯರು ಇತ್ತ ಕೊಡಿ, ನಾನು ಕಟ್ಟುತ್ತೇನೆ. ಜ್ವರದಲ್ಲಿ ಅಷ್ಟೆಲ್ಲ ಬಗ್ಗಬೇಡಿ, ಅಳಿಯಂದಿರೇ."