ಹಲ್ಲಪ್ಪನ ಮಗಳ ಮೊದಲ ಹಲ್ಲು

ಮೇಲಿನ ಮನೆಯ ಟೀಚರಜ್ಜಿ ಬೆಳಿಗ್ಗೆ ಏಳು ಗಂಟೆಗೆ ಮಗುವಿನ ಬಾಯಿಗೆ ಬೆರಳು ಹಾಕದೆ ಇದ್ದಿದ್ದರೆ ಹಲ್ಲಪ್ಪನ ಆ ದಿನ ಉಳಿದ ದಿನಗಳಷ್ಟೇ ಕೆಟ್ಟದಾಗಿ ಕಳೆದುಹೋಗುತ್ತಿತ್ತು, ಅಷ್ಟೆ.

"ಏನೋ ಗರಗರ ಅಂತು ಕಣಯ್ಯ," ಎಂದರು ಅಜ್ಜಿ, ಬೆರಳನ್ನು ಸೆರಗಿಗೆ ಒರೆಸುತ್ತ. "ಬಂತು ಅನ್ಸತ್ತೆ."

ಹಲ್ಲಪ್ಪ ಎನ್ನುವುದು ಅವನ ಹೆಸರಲ್ಲ, ಕಸುಬಿಗೆ ನೆರೆಹೊರೆಯವರು ಕಟ್ಟಿದ ಬಿರುದು. ಹಲ್ಲಿನ ಸೆಟ್ಟು ತಯಾರಿಸುವ ವರ್ಕ್‌ಶಾಪಿನಲ್ಲಿ ಅವನು ಹದಿನಾಲ್ಕು ವರ್ಷದಿಂದ ಕೆಲಸಕ್ಕಿದ್ದ. ಮೇಣದ ಮೇಲೆ ಮೊದಲು ನಡುಗೆರೆ ಎಳೆಯಬೇಕು, ಆಮೇಲೆ ಮುಂದಿನ ಎರಡು ಹಲ್ಲು ಕೂರಿಸಬೇಕು, ಅಲ್ಲಿಂದ ಒಂದೊಂದಾಗಿ ಹಿಂದಕ್ಕೆ ಹೋಗಬೇಕು. ಬಾಯಿಪಾಠದ ಪದ್ಯದಂತೆ ಈ ಕ್ರಮ ಅವನ ಕೈಗೆ ಇಳಿದುಹೋಗಿತ್ತು. ಊರಿನ ಬೊಚ್ಚುಬಾಯಿಗಳೆಲ್ಲ ಅವನ ದಯೆಯಿಂದ ಕಡಲೆ ಕಡಿಯುತ್ತಿದ್ದವು. ಅವನ ಮಗಳು ಮುದ್ದಿಗೆ ಮಾತ್ರ ಎರಡು ವರ್ಷ ಮೂರು ತಿಂಗಳಾದರೂ ಒಂದು ಹಲ್ಲಿಲ್ಲ.

ಮುದ್ದಿಗೆ ಡೌನ್ ಸಿಂಡ್ರೋಮ್. ಎಲ್ಲರಿಗಿಂತ ಒಂದು ಕ್ರೋಮೋಸೋಮು ಹೆಚ್ಚು. ಅಲ್ಲಿ ಅಷ್ಟು ಧಾರಾಳಿಯಾದ ದೇವರು ಹಲ್ಲಿನ ವಿಷಯಕ್ಕೆ ಬಂದಾಗ ಯಾಕೆ ಕೈ ಬಿಗಿಹಿಡಿದ ಎಂದು ಹಲ್ಲಪ್ಪ ದಿನಾ ಕೇಳುತ್ತಿದ್ದ, ಮೆಲ್ಲಗೆ, ದೇವರಿಗೆ ಬೇಜಾರಾಗದಂತೆ. ಇಂಥ ಮಕ್ಕಳಿಗೆ ಹಲ್ಲು ತಡ, ಗಾಬರಿ ಬೇಡ ಎಂದು ಮಕ್ಕಳ ಹಲ್ಲಿನ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹೋದ ಸಲ ಮಾತ್ರ, "ಮುಂದಿನ ಸಲ ಎಕ್ಸ್‌ರೇ ತೆಗೆಯೋಣ. ಕೆಲವರಿಗೆ ಒಳಗೆ ಮೊಳಕೆಯೇ ಇರಲ್ಲ," ಎಂದುಬಿಟ್ಟರು. ಆ ಮಾತು ಮೂರು ತಿಂಗಳಿಂದ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಆ ಮುಂದಿನ ಸಲ ಇವತ್ತು, ಮಧ್ಯಾಹ್ನ ಮೂರೂವರೆಗೆ.

ಟೀಚರಜ್ಜಿಯ ಗರಗರ ಐದೇ ನಿಮಿಷದಲ್ಲಿ ಕಟ್ಟಡವನ್ನೆಲ್ಲ ಸುತ್ತಿತು. ಎದುರುಮನೆಯ ಎಲೆಕ್ಟ್ರಿಷಿಯನ್ ಟಾರ್ಚು ಹಿಡಿದು ಬಂದ. ಕೆಳಮನೆಯ ದರ್ಜಿ ಅತ್ತೆ ಚಮಚ ತಂದಳು.

"ಚಮಚದಲ್ಲಿ ತಟ್ಟಿದ್ರೆ ಟಿಣ್ ಅನ್ಬೇಕು," ಎಂದಳು.

"ಅದೇನು ಪಾತ್ರೆ ಅಂಗಡೀನಾ ಅತ್ತೆ? ಸರೀರಿ, ಬೆಳಕು ಬೀಳ್ಲಿ," ಎಂದ ಎಲೆಕ್ಟ್ರಿಷಿಯನ್.

ಮುದ್ದಿ ಪ್ರತಿಯೊಬ್ಬರ ಮುಖ ನೋಡಿ ನಕ್ಕು, ನಾಲಿಗೆ ಚಾಚಿ ಸ್ವಾಗತಿಸಿದಳು. ಮುಂದಿನ ಒಸಡನ್ನು ಎಲ್ಲರೂ ಸವರಿದರು. ಬೆರಳು ಒಂದಿಷ್ಟು ಹಿಂದಕ್ಕೆ ಹೋದರೆ ಅವಳು ಮುಖ ತಿರುಗಿಸಿಬಿಡುತ್ತಿದ್ದಳು. ಇಬ್ಬರು ಇದೆ ಎಂದರು, ಇಬ್ಬರು ಇಲ್ಲ ಎಂದರು. ಕೊನೆಗೆ ಕೆಲಸಕ್ಕೆ ಹೊರಟಿದ್ದ ಹೆಂಡತಿ ಬಂದು ಕಿರುಬೆರಳಲ್ಲಿ ಏನನ್ನೋ ಗೋರಿ ತೆಗೆದು ಬೆಳಕಿಗೆ ಹಿಡಿದಳು.

"ಬಿಸ್ಕತ್ತಿನ ಚೂರು ರೀ," ಎಂದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಡ್ಯೂಟಿಗೆ ಹೋದಳು. ಮೆಟ್ಟಿಲಿಳಿಯುವಾಗ ಅವಳು ಕಣ್ಣೊರೆಸಿಕೊಂಡದ್ದು ಹಲ್ಲಪ್ಪನಿಗೆ ಕಂಡಿತು.

ಅಷ್ಟರಲ್ಲಿ ಟೀಚರಜ್ಜಿ ಫೋನು ಮಾಡಿ ಮುಗಿಸಿದ್ದರು. ವರ್ಕ್‌ಶಾಪಿನ ಯಜಮಾನ ಅವರ ಹಳೇ ವಿದ್ಯಾರ್ಥಿ.

"ಹಲ್ಲು ಬಂತಂತಲ್ಲೋ, ಒಳ್ಳೇದಾಯ್ತು," ಎಂದರು ಯಜಮಾನರು, ಹಲ್ಲಪ್ಪ ಮಗಳನ್ನೆತ್ತಿಕೊಂಡು ಒಳಗೆ ಕಾಲಿಡುತ್ತಲೇ. "ಹಂಗಾದ್ರೆ ಅರ್ಧ ದಿನದ ರಜೆ ಬೇಡ್ವಲ್ಲ. ವಕೀಲರು ಮೂರಕ್ಕೆ ಬರ್ತಾರೆ. ಸಂಜೆ ಅವರದ್ದು ಭಾಷಣ. ಅವರ ಸೆಟ್ಟು ಕೊಟ್ಟೇ ಹೋಗು."

"ಹಲ್ಲು ಬಂದಿಲ್ಲ ಸಾರ್. ಅದು ಬಿಸ್ಕತ್ತು."

"ಟೀಚರ್ ಸುಳ್ಳು ಹೇಳ್ತಾರೇನೋ?"

ಟೀಚರ್ ಮಾತಿನ ಮೇಲೆ ಮಾತಿಲ್ಲ. ಹಲ್ಲಪ್ಪ ಮಗಳನ್ನು ಬೆಂಚಿನ ಕೆಳಗೆ ಚಾಪೆ ಹಾಸಿ ಕೂರಿಸಿ, ಕೈಗೆ ಹಾಲಿನ ಬಾಟಲಿ ಕೊಟ್ಟು, ವಕೀಲರ ಸೆಟ್ಟಿಗೆ ಪಾಲಿಷ್ ಹಿಡಿಯತೊಡಗಿದ. ಮೂರಕ್ಕೆ ಹತ್ತು ನಿಮಿಷವಿದ್ದಾಗ ಕೆಲಸ ಮುಗಿಯಿತು. ಸೆಟ್ಟನ್ನು ನೀರಿನ ಬಟ್ಟಲಲ್ಲಿಟ್ಟು ಕೈ ತೊಳೆಯಲು ಹೋದ. ಬರುವಷ್ಟರಲ್ಲಿ ವಕೀಲರು ಬಂದು ಕುರ್ಚಿಯಲ್ಲಿ ಕೂತಿದ್ದರು. ಬಟ್ಟಲು ನೆಲದ ಮೇಲಿತ್ತು. ಮುದ್ದಿ ಮೇಲಿನ ಸಾಲನ್ನು ಎರಡೂ ಕೈಯಲ್ಲಿ ಹಿಡಿದು, ಜೋಳದ ತೆನೆ ತಿನ್ನುವವಳಂತೆ ಶ್ರದ್ಧೆಯಿಂದ ಚೀಪುತ್ತಿದ್ದಳು.

"ಆ ಹಲ್ಲು ನಂದಲ್ವೇನಪ್ಪ?" ಎಂದರು ವಕೀಲರು, ಗಾಳಿ ತುಂಬಿದ ದನಿಯಲ್ಲಿ.

ಹಲ್ಲಪ್ಪ ಕೈ ಚಾಚಿದ. ಅಪ್ಪ ಆಟಕ್ಕೆ ಬಂದನೆಂದು ಮುದ್ದಿ ಖುಷಿಯಿಂದ ಸೆಟ್ಟನ್ನು ಎಸೆದಳು. ಮುಂದಿನ ಎರಡು ಹಲ್ಲು ಕಿತ್ತುಬಂದು ಸಿಮೆಂಟಿನ ನೆಲದ ಮೇಲೆ ಟಿಣ್ ಟಿಣ್ ಎಂದವು. ದರ್ಜಿ ಅತ್ತೆ ಇದ್ದಿದ್ದರೆ ಸಮಾಧಾನಪಡುತ್ತಿದ್ದಳು.

ಯಜಮಾನರು ಬೈಯಲಿಲ್ಲ. ಬಾಗಿಲಿಗೆ ಅಡ್ಡ ನಿಂತರು, ಅಷ್ಟೆ. ಹಲ್ಲು ಕೂರಿಸಿ, ಅಂಟು ಗಟ್ಟಿಯಾಗಿ, ಉಜ್ಜಿ, ತೊಳೆದು, ವಕೀಲರ ಬಾಯಿಗೆ ಹಾಕಿ, ಅವರು 'ಮಾನ್ಯ ಸಭಿಕರೇ' ಎಂದು ಮೂರು ಸಲ ಹೇಳಿ ತೃಪ್ತಿಪಡುವಾಗ ಗಂಟೆ ನಾಲ್ಕೂಕಾಲು.

ಅವನು ಮಗಳನ್ನು ಎದೆಗವಚಿಕೊಂಡು ಓಡಿದ. ಬಸ್ಸು ಸಿಗಲಿಲ್ಲ. ದಾರಿಯುದ್ದಕ್ಕೂ ಬೇಡಿಕೊಂಡ: ಮೂವತ್ತೆರಡು ಬೇಡ ಸ್ವಾಮಿ, ಒಂದು ಇದೆ ಅಂತ ತೋರಿಸು, ಸಾಕು. ಆಸ್ಪತ್ರೆ ಮುಟ್ಟಿದಾಗ ಕೌಂಟರಿನ ಹೆಂಗಸು ರಿಜಿಸ್ಟರು ಮಡಚುತ್ತಿದ್ದಳು.

"ಎಕ್ಸ್‌ರೇ ರೂಮಿಗೆ ಬೀಗ ಹಾಕಾಯ್ತು. ಮೂರು ತಿಂಗಳು ಬಿಟ್ಟು ಡೇಟು ಕೊಡ್ಲಾ?"

"ಡಾಕ್ಟರಮ್ಮ ಒಂದ್ಸಲ ಬಾಯಾದ್ರೂ ನೋಡ್ಲಿ ಅಕ್ಕ."

ಅವನ ಅಂಗಿಯ ಮೇಲಿನ ಪ್ಲಾಸ್ಟರ್ ಪುಡಿ, ಮಗುವಿನ ನಗು ಎರಡನ್ನೂ ನೋಡಿ ಅವಳು ಒಳಗೆ ಬಿಟ್ಟಳು.

ಡಾಕ್ಟರಮ್ಮ ಮುದ್ದಿಯನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿ, ತಲೆಯನ್ನು ತಮ್ಮ ಮಡಿಲಿಗೆಳೆದುಕೊಂಡು, ಪುಟ್ಟ ಕನ್ನಡಿಯನ್ನು ಒಳಗೆ ಹಿಂದಕ್ಕೆ ಜಾರಿಸಿದರು. ಮುದ್ದಿ ಅತ್ತಳು. ಅವರು ತುಂಬ ಹೊತ್ತು ನೋಡಿದರು.

"ಹಲ್ಲಿದೆಯಲ್ಲ," ಎಂದರು.

ಹಲ್ಲಪ್ಪ ಮಗಳ ಬಾಯಿಯತ್ತ ಬಗ್ಗಿದ. "ಎಲ್ಲಿ ಮೇಡಂ?"

"ಹಿಂದೆ, ಎಡಗಡೆ. ದವಡೆ ಹಲ್ಲು. ಬಂದು ಆರು ತಿಂಗಳಾದ್ರೂ ಆಗಿರತ್ತೆ. ಹೋದ ಸಲ ನಂಗೂ ಹಿಂದೆ ನೋಡೋಕೆ ಬಿಡ್ಲಿಲ್ಲ ಇವಳು. ಇಂಥ ಮಕ್ಕಳಿಗೆ ಮುಂದಿನದೇ ಮೊದಲು ಬರ್ಬೇಕು ಅಂತೇನಿಲ್ಲ. ನೀವು ಬರೀ ಮುಂದೆ ನೋಡ್ತಾ ಇದ್ರಾ?"

ಅವನು ತಲೆಯಾಡಿಸಿದ. ಕಣ್ಣು ತುಂಬಿ ಬಂದಿತ್ತು. ನಗಲು ಬಾಯಿ ತೆರೆದ.

"ತಾಳಿ," ಎಂದರು ಡಾಕ್ಟರಮ್ಮ. "ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗ್ತಾಳಾ?"

"ಹೂಂ."

"ದಿನಾ ಒಸಡು ಒರೆಸಿ ಅಂದಿದ್ನಲ್ಲ?"

"ಹಲ್ಲೇ ಇಲ್ವಲ್ಲ ಮೇಡಂ, ಏನು ಒರೆಸೋದು ಅಂತ..."

ಡಾಕ್ಟರಮ್ಮ ಕನ್ನಡಿಯನ್ನು ತಟ್ಟೆಯಲ್ಲಿಟ್ಟರು. "ಬೇರಿನವರೆಗೂ ಹುಳುಕು ಹೋಗಿದೆ. ಕೀವೂ ಇದೆ. ಉಳಿಸೋಕಾಗಲ್ಲ. ಸೋಮವಾರ ತೆಗೀಬೇಕು."

"ಬೇರೆ ಹಲ್ಲು ಬರತ್ತಾ?"

"ಅದಕ್ಕೆ ಎಕ್ಸ್‌ರೇ ಬೇಕಲ್ಲ," ಎಂದರು ಅವರು, ಅತ್ಯಂತ ಮೃದುವಾಗಿ.

ಕಾರಿಡಾರಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ.

"ಏನಂದ್ರು ರೀ? ಇದೆಯಂತಾ?"

"ಇದೆ. ಒಂದು ಬಂದಿದೆ ಆಗ್ಲೇ. ಹಿಂದುಗಡೆ."

ಆ ಕಡೆ ಬಿಕ್ಕಿದ್ದು ಕೇಳಿಸಿತು. "ಒಂದು ನಿಮಿಷ ಸುಮ್ನಿರಿ, ಅತ್ಕೊಂಡು ಬಿಡ್ತೀನಿ," ಎಂದಳು. ಮುದ್ದಿ ಅವನ ಹೆಗಲ ಮೇಲೆ ನಿದ್ದೆಹೋಗಿದ್ದಳು. "ಎರಡು ವರ್ಷದಿಂದ ಕಾದಿದ್ದೀನಿ ರೀ," ಎಂದಳು ಹೆಂಡತಿ, ಮೂಗೆಳೆಯುತ್ತ. "ಡ್ಯೂಟಿ ಮುಗಿಯೋದೇ ತಡ, ಓಡಿಬರ್ತೀನಿ. ನಂಗೆ ಕಣ್ಣಾರೆ ನೋಡ್ಬೇಕು."

"ನಿಧಾನಕ್ಕೆ ಬಾ," ಎಂದ ಹಲ್ಲಪ್ಪ. "ಸೋಮವಾರದವರೆಗೂ ಇರತ್ತೆ."