ಎರಡು ಕ್ಯಾಮೆರಾ, ಒಂದು ಜೋಕಾಲಿ

ಬ್ಯಾಟರಿ ಸಿಗದೇ ಹೋಗಿದ್ದರೆ ಸಿದ್ಧರಾಮನ ಮಾನ ಉಳಿಯುತ್ತಿತ್ತು. ಆದರೆ ನಬಿಲಾಲನಿಗೆ ಅದು ಸಿಕ್ಕಿಬಿಟ್ಟಿತು.

ಇಂಡಿ ಬಸ್‌ ಸ್ಟ್ಯಾಂಡಿನ ಎದುರು ನಬಿಲಾಲನದು ಮೊಬೈಲ್ ರಿಪೇರಿ ಅಂಗಡಿ, ಸಿದ್ಧರಾಮನದು ಫೋಟೊ ಸ್ಟುಡಿಯೊ. ಎರಡಕ್ಕೂ ನಡುವೆ ಒಂದೇ ಗೋಡೆ. ಸ್ಟುಡಿಯೊದ ಡ್ರಾಯರಿನಲ್ಲಿ ವರ್ಷಗಟ್ಟಲೆ ಸತ್ತು ಬಿದ್ದಿದ್ದ ಹಳೆಯ ಜೇಬು ಕ್ಯಾಮೆರಾವನ್ನು ನಬಿಲಾಲ “ಸುಮ್ನ ಬಿಚ್ಚಿ ನೋಡ್ತೇನಿ” ಎಂದು ಒಯ್ದಿದ್ದ. ಆ ಬೆಳಿಗ್ಗೆ ಸಿದ್ಧರಾಮ ಸ್ಟುಡಿಯೊದ ಶಟರ್ ಎತ್ತುವಷ್ಟರಲ್ಲಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದು ನಿಂತ. ಬಟನ್ ಒತ್ತಿದ. ಕ್ಯಾಮೆರಾ ‘ಟಿಣ್’ ಎಂದು ಕೂಗಿ, ಆಮೆ ತಲೆ ಹೊರಹಾಕಿದಂತೆ ಲೆನ್ಸ್ ಚಾಚಿತು.

“ಜೀಂವ ಬಂತ ನೋಡೋ ಸಿದ್ದಣ್ಣ! ಬ್ಯಾಟರಿ ಸಿಕ್ತು. ಹಳೇ ಬ್ಯಾಟರಿನ, ಎಷ್ಟ ಹೊತ್ತ ತಾಳ್ತದೋ ಗೊತ್ತಿಲ್ಲ. ಆ ಜೋಕಾಲಿ ಫೋಟೊ ಇದರಾಗ ತಗದದ್ದ ಅಲ್ಲ?”

ಹೌದು, ಅದರಲ್ಲೇ ತೆಗೆದದ್ದು. ಸ್ಟುಡಿಯೊದ ಗೋಡೆಯ ಅರ್ಧ ಭಾಗವನ್ನು ಆ ಒಂದು ಫೋಟೊವೇ ತಿಂದಿತ್ತು. ನಾಗರ ಪಂಚಮಿಯ ದಿನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯ ಮೇಲೆ ಒಬ್ಬ ಹೆಂಗಸು. ತಲೆಯ ಮೇಲಿನ ಸೆರಗು ಜಾರಿದೆ, ಒಂದು ಕಾಲು ಆಕಾಶಕ್ಕೆ, ಮುಂದಿನ ಒಂದು ಹಲ್ಲಿಲ್ಲದ ಬಾಯಿ ತುಂಬ ನಗು. ಆಕೆ ಸಿದ್ಧರಾಮನ ಅತ್ತೆ, ಯಂಕಂಚಿಯ ಕಾಶಿಬಾಯಿ. ಮದುವೆಯಾದ ಮೊದಲ ವರ್ಷ ಹಬ್ಬಕ್ಕೆ ತವರಿಗೆ ಹೋಗಿದ್ದ ಹೆಂಡತಿ ರಾಜಶ್ರೀಯನ್ನು ಕರೆತರಲು ಹೋದಾಗಿನ ಫೋಟೊ ಅದು. ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಸಿದ್ಧರಾಮನ ಹೆಸರಿನ ಸಮೇತ ಅಚ್ಚಾಗಿತ್ತು. ಪಾಸ್‌ಪೋರ್ಟ್ ಸೈಜಿಗೆ ಬಂದವರೂ ಅದರ ಮುಂದೆ ನಿಂತು ತಾವೂ ನಗುತ್ತಿದ್ದರು. “ನೀವ ತಗದದ್ದೇನ್ರಿ?” ಎನ್ನುತ್ತಿದ್ದರು. ಸಿದ್ಧರಾಮ ತಲೆಯಾಡಿಸುತ್ತಿದ್ದ. ಮೊದಮೊದಲು “ಹಂಗ ಸುಮ್ನ ಹೊಡದೆ” ಎನ್ನುತ್ತಿದ್ದವನು, ಬರಬರುತ್ತ ಬೆಳಕಿಗಾಗಿ ಅರ್ಧ ತಾಸು ಕಾದದ್ದನ್ನೂ ನೆಲದ ಮೇಲೆ ಬೋರಲು ಮಲಗಿದ್ದನ್ನೂ ಸೇರಿಸಿಕೊಂಡಿದ್ದ. ಹೇಳಿ ಹೇಳಿ ಅದು ಅವನಿಗೆ ನೆನಪೇ ಆಗಿಹೋಗಿತ್ತು.

ದುಃಖವೆಂದರೆ ಅಂಥ ಇನ್ನೊಂದು ಫೋಟೊ ಅವನಿಂದ ಆಗಲೇ ಇಲ್ಲ. ಮುದ್ದೇಬಿಹಾಳದ ಮದುವೆಗಳು, ಸಿಂದಗಿಯ ಮಕ್ಕಳ ಕೂದಲು ತೆಗೆಸುವ ಜವಳಗಳು ಮುಗಿದವು. ಎಲ್ಲ ಫೋಟೊಗಳೂ ಸ್ವಚ್ಛ, ಎಲ್ಲವೂ ನೇರ, ಆದರೆ ಯಾವುದರ ಮುಂದೆಯೂ ಯಾರೂ ನಿಲ್ಲುತ್ತಿರಲಿಲ್ಲ. ಅದೊಂದನ್ನು ಸಾಧಿಸಲೆಂದೇ ಅವನು ಕಳೆದ ತಿಂಗಳು ಹೊಸ ಮಿರರ್‌ಲೆಸ್ ಕ್ಯಾಮೆರಾ ತಂದಿದ್ದ.

“ಇದರ ಸೆನ್ಸರ್ ಕಿರುಬೆರಳ ಉಗುರಿಗಿಂತ ಸಣ್ಣದು,” ಎಂದ ಸಿದ್ಧರಾಮ ಹಳೆಯದನ್ನು ತೋರಿಸಿ. “ಹತ್ತು ಮೆಗಾಪಿಕ್ಸೆಲ್. ನಂದು ಫುಲ್ ಫ್ರೇಮ್. ಮೂವತ್ಮೂರು. ಕತ್ತಲಿಯಾಗ ಮನಷ್ಯಾನ ಕಣ್ಣ ಹುಡಕಿ ಹಿಡೀತದ. ಸಪ್ಪಳ ಸುದ್ದಾ ಬರೂದಿಲ್ಲ.”

“ಮತ್ಯಾಕ ಅಂಥಾದ್ದೊಂದ ಫೋಟೊ ಬರವಲ್ದು?” ಎಂದ ನಬಿಲಾಲ.

ಇದು ಗೆಳೆಯ ಕೇಳಬಾರದ ಪ್ರಶ್ನೆ. ಸಿದ್ಧರಾಮನ ಕಿವಿ ಕೆಂಪಾಯಿತು. “ಇವತ್ತ ಯಂಕಂಚಿಗೆ ಹೊಂಟೇನಿ. ಕುಬಸ ಐತಿ. ಅದ ಅತ್ತಿ, ಅದ ಹಿತ್ತಲ. ಎರಡೂ ಕ್ಯಾಮೆರಾದಾಗ ತಗೀತೇನಿ. ಯಾವುದು ಗೆಲ್ತದೋ ನೋಡೂಣು. ನೀನ ಪಂಚ.”

ನಬಿಲಾಲ ಹೇಗೂ ಹೊರಟವನೇ. ಅವನ ತಾಯಿ ಮುಮ್ತಾಜ ಬಳೆಗಾರ್ತಿ. ರಾಜಶ್ರೀಯ ತಮ್ಮ ಯುವರಾಜನ ಹೆಂಡತಿ ಪ್ರಿಯದರ್ಶಿನಿ ಚೊಚ್ಚಲ ಬಸುರಿ. ಕುಬಸವೆಂದರೆ ಆಕೆಯ ಸೀಮಂತ. ಅದಕ್ಕೆ ಹಸಿರು ಬಳೆ ಇಡಿಸಲು ಮುಮ್ತಾಜಳನ್ನು ಕರೆದಿದ್ದರು.

ರೇಷ್ಮೆ ಸೀರೆಯುಟ್ಟು ಕಾಯುತ್ತಿದ್ದ ರಾಜಶ್ರೀ ಸಣ್ಣ ಕ್ಯಾಮೆರಾವನ್ನು ಕಂಡು ಎದ್ದು ಬಂದಳು. “ಅಯ್ಯ, ಇದಿನ್ನೂ ಐತೇನ್ರಿ?” ಎಂದು ಸೆರಗಿನಿಂದ ಅದರ ಧೂಳು ಒರೆಸಿದಳು.

“ಏ, ಆಟಗಿ ಸಾಮಾನಲ್ಲದು. ಕೊಡಿಲ್ಲೆ,” ಎಂದು ಸಿದ್ಧರಾಮ ಕಸಿದುಕೊಂಡು ಜೇಬಿಗಿಳಿಸಿದ.

ನಾಲ್ವರೂ ಸಿದ್ಧರಾಮನ ಹಳೆಯ ಒಮ್ನಿಯಲ್ಲಿ ಹೊರಟರು. ಸಿಂದಗಿಯಲ್ಲಿ ಚಹಾಕ್ಕೆ ನಿಂತಾಗ, ರುಮಾಲಿನ ಮುದುಕನೊಬ್ಬ ಬಸಿಯಲ್ಲಿ ಚಹಾ ಊದಿ ಕುಡಿಯುವುದು ಕಂಡಿತು. ಕೈ ಪಳಗಿಸಿಕೊಳ್ಳೋಣವೆಂದು ಸಿದ್ಧರಾಮ ದೊಡ್ಡ ಕ್ಯಾಮೆರಾ ಎತ್ತಿದ. ಮುದುಕನ ಬಸಿ ಗಾಳಿಯಲ್ಲೇ ನಿಂತಿತು.

“ಯಾವ ಪೇಪರಿನವ್ರ್ರಿ?”

“ಪೇಪರ್ ಎಲ್ಲಿದೋ ಕಾಕಾ,” ಎಂದ ಪಕ್ಕದವನು. “ರಸ್ತಾ ಅಗಲ ಮಾಡವ್ರು ಬಂದಾರ.”

“ನೋಡ್ರಿ ಸಾಹೇಬ್ರ, ನನ್ನ ಡಬ್ಬಿ ಅಂಗಡಿ ಪರವಾನಗಿ ಮ್ಯಾಲ ಐತಿ. ಅದನ್ನ ಹೊಡೀಬ್ಯಾಡ್ರಿ,” ಎಂದ ಚಹಾದವನು.

“ಹೊಡಿಯೂದಿದ್ರ ಈ ಗಟಾರ ಹೊಡೀರಿ. ಬರ್ರಿ, ತೋರಸ್ತೇನಿ,” ಎಂದ ಮತ್ತೊಬ್ಬ.

ಸಿದ್ಧರಾಮ ಬಾಯಿಬಿಡುವಷ್ಟರಲ್ಲಿ ಜನ ಅವನನ್ನು ಗಟಾರದ ದಂಡೆಗೆ ಒಯ್ದಾಗಿತ್ತು. ಬಿಡಿಸಿಕೊಂಡು ಬರಲು ಅವನು ಗಟಾರವನ್ನು ಎದುರಿನಿಂದ, ಎಡದಿಂದ, ಬಲದಿಂದ ತೆಗೆಯಬೇಕಾಯಿತು. ಅಷ್ಟರಲ್ಲಿ ನಬಿಲಾಲ, ಸಿದ್ಧರಾಮ ಹೋಗುವಾಗ ಕೈಗೆ ತುರುಕಿದ್ದ ಸಣ್ಣ ಕ್ಯಾಮೆರಾವನ್ನು ಸೊಂಟದ ಮಟ್ಟದಲ್ಲಿ ಹಿಡಿದು ಮುದುಕನತ್ತ ಒತ್ತಿದ. ಯಾರೂ ತಿರುಗಿ ನೋಡಲಿಲ್ಲ. ಆದರೆ ಒತ್ತಿದ ಮೇಲೆ ಆ ಕ್ಯಾಮೆರಾಕ್ಕೆ ವಿಚಾರ ಮಾಡುವ ಚಟ. ಅದು ಮನಸ್ಸು ಮಾಡುವಷ್ಟರಲ್ಲಿ ಮುದುಕ ಚಹಾ ಮುಗಿಸಿ ಎದ್ದು ಹೋಗಿದ್ದ.

ಮುಮ್ತಾಜ ಎರಡೂ ಪರದೆ ನೋಡಿದಳು. “ಒಂದರಾಗ ಗಟಾರ, ಒಂದರಾಗ ಖಾಲಿ ಬಸಿ. ಧಂದೆ ಚೊಲೋ ನಡಸೀರಿ ತಮ್ಮಾ.”

ಯಂಕಂಚಿ ತಲುಪಿದಾಗ ಪಡಸಾಲೆಯಲ್ಲಿ ಕುಬಸ ರಂಗೇರಿತ್ತು. ಹಸಿರು ಸೀರೆಯ ಪ್ರಿಯದರ್ಶಿನಿ ಕುರ್ಚಿಯ ಮೇಲೆ. ಸುತ್ತ ಹೆಂಗಸರು. ಹಾಡು ಬೀದಿಯವರೆಗೆ ಕೇಳುತ್ತಿತ್ತು. ಸಿದ್ಧರಾಮ ಕ್ಯಾಮೆರಾ ಹಿಡಿದು ಹೊಸ್ತಿಲು ದಾಟಿದ್ದೇ ತಡ, ಹಾಡು ನಲ್ಲಿ ತಿರುವಿದಂತೆ ನಿಂತಿತು. ಎಲ್ಲರೂ ಸೆರಗು ಎಳೆದುಕೊಂಡು ವೋಟರ್ ಕಾರ್ಡಿಗೆ ಕೂತವರಂತೆ ಕೂತರು. ಕಾಶಿಬಾಯಿಯಂತೂ ಅಳಿಯನ ಬೂಟಿನ ಸದ್ದು ಕೇಳಿಯೇ ಅಡುಗೆಮನೆಯ ಬಾಗಿಲ ಹಿಂದೆ ಸರಿದಿದ್ದಳು. ಆಕೆ ಎಂದೂ ಅಳಿಯನೊಂದಿಗೆ ನೇರವಾಗಿ ಮಾತಾಡಿದವಳಲ್ಲ. ಎದುರಿಗೇ ಇದ್ದರೂ ಇನ್ನೊಬ್ಬರ ಕೈಲಿ ಹೇಳಿಸುವುದು ಆಕೆಯ ರೂಢಿ.

ಸಿದ್ಧರಾಮ ಫೋಟೊ ತೆಗೆದ. ಹೆಂಗಸರು ಅಲುಗಾಡಲಿಲ್ಲ. ಮತ್ತೆ ತೆಗೆದ.

“ಯಾವಾಗ ತಗೀತಾರವಾ? ಕುತಗಿ ನೋಯಾಕತ್ತೇತಿ,” ಎಂದಳು ಒಬ್ಬಾಕೆ ತುಟಿ ಅಲ್ಲಾಡಿಸದೆ.

“ಆಗ್ಲೇ ತಗದೆ ಯವ್ವಾ!”

“ಸಪ್ಪಳ ಬರ್ಲಿಲ್ಲಲ್ಲ. ಸಪ್ಪಳಿಲ್ಲದ ಫೋಟೊ ಎಂಥಾದ್ದು?”

ಬಾಗಿಲ ಸಂದಿಯಲ್ಲಿ ಕಾಶಿಬಾಯಿಯ ಮೂಗು ಕಂಡಿತು. ಸಿದ್ಧರಾಮ ಅತ್ತ ಗುರಿ ಹಿಡಿದ. ಕಣ್ಣು ಹುಡುಕುವ ಕ್ಯಾಮೆರಾ ತಕ್ಷಣ ಎರಡು ಕಣ್ಣು ಹುಡುಕಿ ಹಿಡಿಯಿತು. ಅವು ಬಾಗಿಲ ಮೇಲೆ ಹಾರ ಹಾಕಿಸಿಕೊಂಡಿದ್ದ ತೀರಿಹೋದ ಮಾವನ ಫೋಟೊದವು. ಎಷ್ಟು ಸಲ ತಿರುಗಿಸಿದರೂ ಮಾವ ಅಳಿಯನ ಮೇಲಿನ ಕಣ್ಣು ತೆಗೆಯಲಿಲ್ಲ. ಸಿದ್ಧರಾಮ ಜೇಬಿನಿಂದ ಸಣ್ಣ ಕ್ಯಾಮೆರಾ ತೆಗೆದ. ಫ್ಲ್ಯಾಷ್ ಹೊಡೆಯಿತು. ಆರತಿ ತಟ್ಟೆ ದಾಟಿ ಹೋದ ಮೇಲೆ ಫೋಟೊ ಬಂತು. ಎಲ್ಲರ ಕಣ್ಣೂ ಮೆಣಸಿನಕಾಯಿ ಬಿದ್ದಂತೆ ಕೆಂಪು.

ಬೆವರು ಒರೆಸಿಕೊಂಡು ಸಿದ್ಧರಾಮ ಕೊನೆಯ ಅಸ್ತ್ರ ತೆಗೆದ. ಬೆಳಿಗ್ಗೆಯೇ ಯುವರಾಜನಿಗೆ ಫೋನ್ ಮಾಡಿ ಹಿತ್ತಲ ಬೇವಿನ ಗಿಡಕ್ಕೆ ಹಗ್ಗ ಕಟ್ಟಿಸಿದ್ದ. ಬಾಗಿಲ ಕಡೆ ತಿರುಗಿ ಹೇಳಿದ: “ಅತ್ತಿ, ಒಂದ ಸಲ ಜೋಕಾಲಿ ಮ್ಯಾಲ ಕುಂಡ್ರ್ರಿ. ಒಂದ ಸಲ ನಗ್ರಿ. ನನ್ನ ಮರ್ಯಾದಿ ಪ್ರಶ್ನೆ ಐತಿ.”

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. “ಮುಮ್ತಾಜಕ್ಕಾ, ಅಳಿಯಂದ್ರಿಗೆ ಹೇಳ. ಅವ್ರ ಮುಂದ ನಾ ಜೋಕಾಲಿ ಆಡ್ಲೇನು? ಹಲ್ಲ ಕಿಸೀಲೇನು? ಊರ ಉಗಳೂದಿಲ್ಲೇನು?”

ಮುಮ್ತಾಜ ಬಳೆಯ ಮಲಾರ ಕೆಳಗಿಟ್ಟು ಹೇಳಿದಳು: “ತಮ್ಮಾ, ಊರ ಉಗಳ್ತದಂತ.”

“ಆವತ್ತ ಪಂಚಮಿಗೆ ನನ್ನ ಮುಂದ ಆಡಿದ್ರೆಲ್ಲ!” ಎಂದ ಸಿದ್ಧರಾಮ. “ನಾ ನೆಲದ ಮ್ಯಾಲ ಮಲಗಿ ಫೋಟೊ ತಗೀಲಿಲ್ಲೇನು?”

ಒಳಗಿನಿಂದ ಉತ್ತರ ಬಂತು. “ಮಲಗಿದ್ದ ಖರೇ ಐತಿ ಅಂತ ಹೇಳ ಯಕ್ಕಾ. ಕಡಬ ಉಂಡು ಇದ ಪಡಸಾಲ್ಯಾಗ ಮಲಗಿದ್ರು. ಗೊರಕಿ ಹಿತ್ತಲತನಕಾ ಕೇಳತಿತ್ತು. ಅದನ್ನ ಕೇಳಿ ಕೇಳೇ ನನಗ ಅಂಥಾ ನಗಿ ಬಂದಿತ್ತು.”

“ತಮ್ಮಾ, ನೀ ಗೊರಕಿ ಹೊಡ್ಯಾಕತ್ತಿದ್ದಿ ಅಂತ,” ಎಂದಳು ಮುಮ್ತಾಜ, ಸರಕಾರಿ ಹುಕುಂ ಓದುವವಳ ಗಾಂಭೀರ್ಯದಿಂದ. ಆಮೇಲೆ ತನ್ನದೊಂದು ಪ್ರಶ್ನೆ ಸೇರಿಸಿದಳು. “ಹಂಗಾರ ಫೋಟೊ ತಗದವ್ರ್ಯಾರು?”

ಕಣ್ಣುಗಳೆಲ್ಲ ರಾಜಶ್ರೀಯ ಕಡೆ ತಿರುಗಿದವು. ಆಕೆ ಅರಿಷಿಣ ಕುಂಕುಮದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

“ನಾನ್ರೀ,” ಎಂದಳು. “ನಿಮ್ಮ ತಲಿದಿಂಬಿನ ಬಾಜೂಕ ಬಿದ್ದಿತ್ತು. ತಗೊಂಡ ಹೋಗಿ ಒತ್ತಿದೆ. ಊರಿಗೆ ಬಂದ ಮ್ಯಾಲ ನೀವು ಎಲ್ಲಾ ಫೋಟೊ ಕೂಡೇ ಕಂಪ್ಯೂಟರಿಗೆ ಹಾಕಿದ್ರಿ. ಪೇಪರಿನ್ಯಾಗ ಬಂದ ದಿನ ಹೇಳಾಕ ಬಂದೆ. ‘ಮೊದಲ ಚಹಾ ಮಾಡು’ ಅಂದ್ರಿ. ಚಹಾ ತರೂದ್ರಾಗ ಪೇಪರ್ ಹಿಡಕೊಂಡು ಓಣಿ ತುಂಬ ಓಡಾಡಾಕತ್ತಿದ್ರಿ. ಅಷ್ಟ ಖುಷಿ ನೋಡಿ ಹೇಳಾಕ ಮನಸ್ಸ ಬರ್ಲಿಲ್ಲ.”

“ಆಮ್ಯಾಲರ…” ಎಂದ ಸಿದ್ಧರಾಮ.

“ಆಮ್ಯಾಲ ಕ್ಯಾಮೆರಾ ನನ್ನ ಕೈಯಾಗ ಬರ್ಲೇ ಇಲ್ಲಲ್ರಿ.”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಿದ್ಧರಾಮ ತಿರುಗಿ ಜಗಳವಾಡಿ ಬಚಾವಾಗುತ್ತಿದ್ದ. ಹದಿನಾರು ವರ್ಷ ಆಕೆ ಸ್ಟುಡಿಯೊದ ಕಸ ಗುಡಿಸಿದ್ದಳು, ಆಲ್ಬಮ್ ಅಂಟಿಸಿದ್ದಳು, ಆ ಫೋಟೊದ ಗಾಜು ಒರೆಸಿದ್ದಳು. ಅವನು ಗಿರಾಕಿಗಳಿಗೆ ತಾನು ಬೋರಲು ಮಲಗಿದ ಕತೆ ಹೇಳುವಾಗ ಆಕೆ ಅಲ್ಲೇ ಇರುತ್ತಿದ್ದಳು. ಒಂದು ಸಲವೂ ‘ನೀನೂ ಒಂದು ತೆಗೆದು ನೋಡು’ ಎನ್ನಲು ಅವನಿಗೆ ತೋಚಿರಲಿಲ್ಲ. ಅವನು ಕಾಯುತ್ತಿದ್ದ ಎರಡನೆಯ ಫೋಟೊ ಅಷ್ಟೂ ವರ್ಷ ಪಕ್ಕದಲ್ಲೇ ಕೂತು ಅಂಟು ಹಚ್ಚುತ್ತಿತ್ತು.

ಸಿದ್ಧರಾಮ ಜೇಬಿನಿಂದ ಸಣ್ಣ ಕ್ಯಾಮೆರಾ ತೆಗೆದು ಚಾಚಿದ. “ತಗಿ. ನೀನ ತಗಿ.”

ರಾಜಶ್ರೀ ತಟ್ಟೆ ಕೆಳಗಿಟ್ಟು ಕೈ ಒರೆಸಿಕೊಂಡಳು. ಬಾಗಿಲ ಹಿಂದಿನಿಂದ ಆಜ್ಞೆ ಬಂತು: “ಅಳಿಯಂದ್ರು ಹೊರಗ ಹೋಗ್ಲಿ ಅಂತ ಹೇಳ ಯಕ್ಕಾ.”

ಈ ಮಾತನ್ನು ಮುಮ್ತಾಜ ಮುಟ್ಟಿಸಬೇಕಾಗಲಿಲ್ಲ.

ಹೊರಗಿನ ಕಟ್ಟೆಯ ಮೇಲೆ ನಬಿಲಾಲ, ಯುವರಾಜ ಕೂತಿದ್ದರು. ಸುತ್ತ ಹೆಂಗಸರ ಚಪ್ಪಲಿ ರಾಶಿ. ಸಿದ್ಧರಾಮ ದೊಡ್ಡ ಕ್ಯಾಮೆರಾವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಅವರ ನಡುವೆ ಕೂತ. ಒಳಗಿನ ಮಾತು ಅಲ್ಲಿಗೂ ಕೇಳಿತ್ತು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ನಗೆ ಎದ್ದಿತು. ಮೊದಲು ಒಬ್ಬರದು, ಆಮೇಲೆ ಹತ್ತು ಮಂದಿಯದು. ಕಾಶಿಬಾಯಿಯ ನಗುವನ್ನು ಸಿದ್ಧರಾಮ ಕಿವಿಯಾರೆ ಕೇಳಿದ್ದು ಅದೇ ಮೊದಲು.

“ಮಾಮಾ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದ ಯುವರಾಜ.

“ಬ್ಯಾಸರ ಯಾಕ?” ಎಂದ ಸಿದ್ಧರಾಮ. ಅವನ ಮನಸ್ಸು ಆಗಲೇ ಮುಳುಗುವವನಂತೆ ಒಂದು ಹುಲ್ಲುಕಡ್ಡಿ ಹಿಡಿದುಕೊಂಡಿತ್ತು. “ಆ ಸಣ್ಣ ಕ್ಯಾಮೆರಾದಾಗ ಏನೋ ಐತಿ. ಹಳೇ ಸೆನ್ಸರ್ ನೋಡು, ಬಣ್ಣದ ಗುಣನ ಬ್ಯಾರೆ. ಅದು ಯಾರ ಕೈಯಾಗ ಕೊಟ್ರೂ…”

ಬಾಗಿಲಲ್ಲಿ ರಾಜಶ್ರೀ ಕಾಣಿಸಿಕೊಂಡಳು. ಮುಖ ಕೆಂಪೇರಿತ್ತು, ಮುಡಿಯ ಹೂವು ಜೋಲಾಡುತ್ತಿತ್ತು. ಸಣ್ಣ ಕ್ಯಾಮೆರಾವನ್ನು ಗಂಡನ ಕೈಗೆ ಹಾಕಿದಳು. “ಬ್ಯಾಟರಿ ಹೋತ್ರಿ. ಒಂದೂ ಬರ್ಲಿಲ್ಲ. ಆ ದೊಡ್ಡದು ಕೊಡ್ರಿ.”

ಸಿದ್ಧರಾಮ ತಬ್ಬಿಬ್ಬಾದ. “ಇದು ಹಂಗ ಬರೂದಿಲ್ಲ. ಮೊದಲ ಐಎಸ್‌ಒ ನೋಡಬೇಕು, ಆಮ್ಯಾಲ ಅಪರ್ಚರ್…”

“ಅವ್ವ ಜೋಕಾಲಿ ಮ್ಯಾಲ ಅದಾಳ್ರಿ. ಎಲ್ಲಿ ಒತ್ತೂದು ಅಷ್ಟ ಹೇಳ್ರಿ.”

ಅವನು ಬೆರಳಿಟ್ಟು ತೋರಿಸಿದ. ಆಕೆ ಓಡಿದಳು.

ಮರಳಿ ಬಂದಾಗ ಪರದೆಯ ಮೇಲೆ ಕಾಶಿಬಾಯಿ ಇದ್ದಳು. ಕೂದಲು ಬೆಳ್ಳಗೆ, ಈಗ ಹಲ್ಲುಗಳೇ ಕಡಿಮೆ. ಎರಡೂ ಕಾಲು ಆಕಾಶಕ್ಕೆ. ಹಿಂದೆ ಹೊಟ್ಟೆ ಹಿಡಿದುಕೊಂಡು ನಗುವ ಬಸುರಿ, ಜೋಕಾಲಿ ತೂಗುತ್ತಿರುವ ಮುಮ್ತಾಜ. ಮೂವತ್ಮೂರು ಮೆಗಾಪಿಕ್ಸೆಲ್ಲಿನಲ್ಲಿ ಒಂದೊಂದು ರೆಪ್ಪೆಗೂದಲೂ ಎಣಿಸುವಂತಿತ್ತು. ಗೋಡೆಯ ಮೇಲಿನದಕ್ಕಿಂತ ಒಳ್ಳೆಯ ಫೋಟೊ.

“ದೊಡ್ಡದ ಗೆದ್ದಿತು,” ಎಂದು ಪಂಚ ನಬಿಲಾಲ ತೀರ್ಪು ಕೊಟ್ಟ. ಆಮೇಲೆ ಗೆಳೆಯನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

“ಹೆಂಗ ಬಂದೈತ್ರಿ?” ರಾಜಶ್ರೀ ಗಂಡನನ್ನು ಕೇಳಿದಳು. ಆಕೆ ಇದನ್ನು ಕೇಳಲು ಇಷ್ಟು ವರ್ಷ ಹಿಡಿಯಿತಲ್ಲ ಎಂದು ಸಿದ್ಧರಾಮನಿಗೆ ಅನ್ನಿಸಿತು.

“ಚೊಲೋ ಬಂದೈತಿ,” ಎಂದ. “ಭಾಳ ಚೊಲೋ ಬಂದೈತಿ.”

ಅಷ್ಟರಲ್ಲಿ ಪ್ರಿಯದರ್ಶಿನಿಯ ಚಿಕ್ಕಮ್ಮ ಹೊರಗೆ ಇಣುಕಿದಳು. “ರಾಜಶ್ರೀ, ಮುಂದಿನ ತಿಂಗಳ ಬಸವನ ಬಾಗೇವಾಡಿಯಾಗ ನಮ್ಮ ಮನಿಯಾಗೂ ಕುಬಸ ಐತವಾ. ಫೋಟೊ ತಗ್ಯಾಕ ನೀನ ಬರಬೇಕು.”

“ಬರ್ತೇವಿ,” ಎಂದ ಸಿದ್ಧರಾಮ, ರೂಢಿಯ ಬಲದಿಂದ.

ಆಕೆ ಗಾಬರಿಯಿಂದ ಸೆರಗು ಎಳೆದುಕೊಂಡಳು. “ನೀವ್ಯಾಕ್ರಿ?”

“ಗಾಡಿ ಹೊಡ್ಯಾಕ ಯಾರರ ಬೇಕಲ್ರಿ.”

ಆಕೆ ಒಂದು ಕ್ಷಣ ವಿಚಾರ ಮಾಡಿದಳು. “ಅದೂ ಖರೇನ. ಆದ್ರ ನಮ್ಮ ಕಡೆ ಹೆಣ್ಮಕ್ಕಳು ಭಾಳ ನಾಚ್ತಾರ್ರಿ. ಗಾಡಿ ಅಷ್ಟು ಊರ ಹೊರಗ ನಿಲ್ಲಸ್ರಿ.”