ಎಫೆಕ್ಟ್ ಮೆನುವಿನವರಿಗೆ, ಕಣ್ಣಿನ ಆಸ್ಪತ್ರೆಯ ಬೋರ್ಡಿನ ವಿಷಯವಾಗಿ

ನೆರಳು, ಮಸುಕು, ಹೊಳಪು, ಡೊಂಕು ಮೊದಲಾದ ಸಮಸ್ತ ಪರಿವಾರದೊಡನೆ ಚಿತ್ರ ಬರೆಯುವ ತಂತ್ರಾಂಶದೊಳಗೆ, ಕಂಪ್ಯೂಟರ್ ಪರದೆಯ ನೆತ್ತಿಯ ಮೇಲೆ ಆಸೀನರಾಗಿರುವ ಎಫೆಕ್ಟ್ ಮೆನು ಮಹಾಶಯರಿಗೆ, ಬೋರ್ಡು ಬರೆಯುವವನೊಬ್ಬ ಕನ್ನಡಕ ತೆಗೆದು ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾನು ಮೂವತ್ತೊಂದು ವರ್ಷ ಅಂಗಡಿಗಳ ಬೋರ್ಡು ಬರೆದವನು. ಅಕ್ಷರಕ್ಕೆ ನೆರಳು ಬೇಕೆಂದರೆ ಬ್ರಷ್ಷಿನ ತುದಿಯನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಬಲಕ್ಕೊಂದು ಕೆಳಕ್ಕೊಂದು ಗೆರೆ ಎಳೆಯುತ್ತಿದ್ದೆ. ಸೂರ್ಯ ಎಲ್ಲೇ ಇರಲಿ, ನನ್ನ ಬೋರ್ಡಿನ ಮೇಲೆ ಬೆಳಕು ಎಡಗಡೆಯ ಮೇಲಿನಿಂದಲೇ ಬೀಳಬೇಕೆಂಬ ವಿಷಯದಲ್ಲಿ ಅವನೆಂದೂ ತಕರಾರು ಮಾಡಿದವನಲ್ಲ. ಹೀಗಿರುವಾಗ ಎಂಟು ತಿಂಗಳ ಹಿಂದೆ ನಮ್ಮ ಕಾರ್ಯಾಗಾರದ ಮಾಲೀಕ, ಒಂದು ಕಾಲಕ್ಕೆ ನನ್ನಿಂದಲೇ ಬ್ರಷ್ಷು ಹಿಡಿಯುವುದನ್ನು ಕಲಿತವನು, ನನ್ನ ಮುಖ ಬಿಟ್ಟು ಗೋಡೆಯನ್ನು ನೋಡುತ್ತಾ, “ಮೇಷ್ಟ್ರೇ, ಇನ್ಮೇಲೆ ಏಣಿ ಹತ್ತೋದು ಬೇಡ, ಕಂಪ್ಯೂಟರಲ್ಲೇ ಬರೀರಿ” ಎಂದ. ಬ್ರಷ್ಷುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮನೆಗೆ ಬಂದೆ. ನನ್ನ ಕೈಯ ಕೆಲಸ ಕಸಿದುಕೊಂಡವರು ತಾವೇ ಎಂದು ಅಂದೇ ತೀರ್ಮಾನಿಸಿ, ತಮ್ಮನ್ನು ಮನಸ್ಸಿನಲ್ಲಿ ಬೈಯಲು ಆರಂಭಿಸಿದೆ. ಆ ಬೈಗುಳಗಳು ಕಾಗದದ ಮೇಲೆ ಬರೆಯುವಂಥವಲ್ಲವಾದ್ದರಿಂದ ತಾವೇ ಊಹಿಸಿಕೊಳ್ಳಬೇಕೆಂದು ವಿನಂತಿ.

ಕಲಿಸಿದವಳು ನನ್ನ ಸೊಸೆ. ಪತ್ರಿಕೆಯೊಂದರಲ್ಲಿ ಪುಟ ಜೋಡಿಸುವ ಕೆಲಸದವಳು. ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದರೂ ನಮ್ಮಿಬ್ಬರ ಮಾತು ‘ಊಟ ಆಯ್ತಾ’, ‘ಆಯ್ತಮ್ಮ’ ಎಂಬಲ್ಲಿಗೆ ಮುಗಿಯುತ್ತಿತ್ತು. ಈಗ ದಿನಾ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಮುಂಚೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಒಂದು ಗಂಟೆ ಪಾಠ. “ಮಾವ, ಎಫೆಕ್ಟ್ ಅಂದ್ರೆ ಅಕ್ಷರಕ್ಕೆ ಬಟ್ಟೆ ತೊಡಿಸಿದ ಹಾಗೆ. ಒಳಗಿರೋ ಅಕ್ಷರ ಹಾಗೇ ಇರುತ್ತೆ. ಬೇಡ ಅನ್ಸಿದ್ರೆ ಬಿಚ್ಚಿಡಬಹುದು” ಎಂದಳು. ತಮ್ಮ ವಿಷಯದಲ್ಲಿ ಇಷ್ಟು ಒಳ್ಳೆಯ ಮಾತನ್ನು ತಮ್ಮ ಕಂಪನಿಯವರೇ ಹೇಳಿರಲಾರರು. ಆದರೆ ಹೊಲಿಗೆ ಅಂಗಡಿಯ ಬೋರ್ಡಿಗೆಂದು ನಾನು ಬರೆದ ಅಂಗಿ ಗುಂಡಿಯ ಚಿತ್ರದ ಮೇಲೆ ತಮ್ಮ ಪರಿವಾರದ, ಅಂಚನ್ನು ಒಳಕ್ಕೆಳೆಯುವ ‘ಪಕರ್’ ಎಂಬುವರನ್ನು ಕರೆದಾಗ ಅವರು ಅದನ್ನು ನಾಲ್ಕು ಮೂಲೆಯ ನಕ್ಷತ್ರ ಮಾಡಿದರು, ಉಬ್ಬಿಸುವ ‘ಬ್ಲೋಟ್’ ಎಂಬುವರು ನಾಲ್ಕು ಎಸಳಿನ ಹೂವು ಮಾಡಿದರು. ಅವರ ಪ್ರತಿಭೆಗೆ ತಲೆಬಾಗುತ್ತೇನೆ. ನನಗೆ ಬೇಕಾಗಿದ್ದದ್ದು ಗುಂಡಿ. ಸೊಸೆ ನಗುತ್ತಾ, “ಮಾವ, ಅವರಿಗೆ ಗುಂಡಿ ಹಾಕ್ಕೊಂಡು ಗೊತ್ತಿಲ್ಲ ಅನ್ಸುತ್ತೆ” ಎಂದಳು. ಅವಳು ನಗುವುದನ್ನು ನಾನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು.

ಇನ್ನು ಮುಖ್ಯ ದೂರಿಗೆ ಬರುತ್ತೇನೆ. ಮುಖ್ಯ ರಸ್ತೆಯ ಕಣ್ಣಿನ ಡಾಕ್ಟರಮ್ಮನವರ ಆಸ್ಪತ್ರೆಗೆ ಹನ್ನೆರಡು ಅಡಿಯ ಬೋರ್ಡು ನನ್ನ ಪಾಲಿಗೆ ಬಂತು. ಅಕ್ಷರದ ಕೆಳಗೆ ಅದರ ಕಪ್ಪು ಪ್ರತಿಯೊಂದನ್ನಿಟ್ಟು, ಆ ಪ್ರತಿಯನ್ನು ಮಾತ್ರ ಆರಿಸಿ ‘ಬ್ಲರ್’ ಹಚ್ಚಿದರೆ ಮೃದುವಾದ ನೆರಳು ಬರುತ್ತದೆಂದು ಸೊಸೆ ಹೇಳಿಕೊಟ್ಟಿದ್ದಳು. ನಾನು ಎರಡನ್ನೂ ಆರಿಸಿದೆ. ತಾವು, ಹೇಳಿದಷ್ಟನ್ನು ಮಾಡುವ ತಮ್ಮ ಎಂದಿನ ಸೌಜನ್ಯಕ್ಕೆ ಅನುಗುಣವಾಗಿ, ನೆರಳಿನ ಜೊತೆಗೆ ಡಾಕ್ಟರಮ್ಮನವರ ಹೆಸರು, ಪದವಿ, ಸಮಯ, ದೂರವಾಣಿ ಸಂಖ್ಯೆ ಎಲ್ಲವನ್ನೂ ಹಬೆಯಲ್ಲಿ ಅದ್ದಿ ತೆಗೆದಿರಿ. ನಾನು ಪರದೆಯನ್ನು ದಿಟ್ಟಿಸಿ ನೋಡಿದೆ. ಚೆನ್ನಾಗಿಯೇ ಕಂಡಿತು. ಮುದ್ರಣ ಯಂತ್ರದವನಿಗೂ ಅನುಮಾನ ಬರಲಿಲ್ಲ. “ಕಣ್ಣಿನ ಡಾಕ್ಟರ್ ಬೋರ್ಡಲ್ವಾ, ಬೇಕಂತ್ಲೇ ಮಾಡಿದ್ದಾರೆ ಅಂದ್ಕೊಂಡೆ” ಎಂದು ಆಮೇಲೆ ಹೇಳಿದ.

ಬೋರ್ಡು ಏರಿದ ಮೂರು ದಿನ ಆ ಆಸ್ಪತ್ರೆಯಲ್ಲಿ ಕೂರಲು ಜಾಗವಿರಲಿಲ್ಲವಂತೆ. ತರಕಾರಿ ಚೀಲ ಹಿಡಿದು ಹೋಗುತ್ತಿದ್ದವರೂ ತಲೆಯೆತ್ತಿ ನೋಡಿ, ಕಣ್ಣುಜ್ಜಿ, ಮತ್ತೆ ನೋಡಿ, ಗಾಬರಿಯಿಂದ ಒಳಗೆ ಹೋಗಿದ್ದಾರೆ. ಜಾಹೀರಾತಿನ ಇತಿಹಾಸದಲ್ಲಿ ಇಂಥ ಪರಿಣಾಮ ಉಂಟುಮಾಡಿದ ಎಫೆಕ್ಟ್ ಇನ್ನೊಂದಿರಲಾರದು. ಆದರೆ ಡಾಕ್ಟರಮ್ಮನವರು ಪ್ರಾಮಾಣಿಕರು. ಚೆನ್ನಾಗಿರುವ ಕಣ್ಣುಗಳನ್ನು ನೋಡಿ ನೋಡಿ ಸಾಕಾಗಿ, ಬೋರ್ಡು ಬರೆದವನನ್ನು ಕರೆಸಿದರು.

ನಾನು ತಪ್ಪನ್ನೆಲ್ಲ ತಮ್ಮ ತಲೆಗೆ ಕಟ್ಟುವ ಸಿದ್ಧತೆಯೊಂದಿಗೆ ಹೋದೆ. ಅವರು ನನ್ನನ್ನು ಎದುರಿನ ಕಾಲುದಾರಿಯಲ್ಲಿ ನಿಲ್ಲಿಸಿ, “ಏನ್ ಕಾಣುತ್ತೆ ಹೇಳಿ” ಎಂದರು. “ಎಲ್ಲಾ ಸರಿಯಾಗೇ ಇದೆಯಲ್ಲಮ್ಮ” ಎಂದೆ. ಪಕ್ಕದ ಔಷಧಿ ಅಂಗಡಿಯ ಬೋರ್ಡು ತೋರಿಸಿ, “ಅದು?” ಎಂದರು. “ಅದೂ ಹೀಗೇ ಇದೆ” ಎಂದೆ. ಅವರು ಬೈಯಲಿಲ್ಲ. ಕೈಹಿಡಿದು ರಸ್ತೆ ದಾಟಿಸಿ, ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, “ಎರಡರಲ್ಲೂ ಪೊರೆ ಬಂದಿದೆ. ವರ್ಷಗಳೇ ಆಗಿರಬೇಕು. ಯಾರಿಗೂ ಹೇಳಲಿಲ್ವಾ?” ಎಂದರು. ಯಾರಿಗೆ ಹೇಳುವುದು? ನನಗೇ ಗೊತ್ತಿರಲಿಲ್ಲ. ಪರದೆಯ ಮೇಲೆ ಅಕ್ಷರ ಕಾಣದಿದ್ದರೆ ಎಂಟು ಪಟ್ಟು ಹಿಗ್ಗಿಸಿಕೊಳ್ಳುತ್ತಿದ್ದೆ. ಜಗತ್ತೇ ಹಾಗಿದೆ ಎಂದುಕೊಂಡಿದ್ದೆ.

ತಿಂಗಳ ಅಂತರದಲ್ಲಿ ಎರಡು ಕಣ್ಣಿಗೂ ಶಸ್ತ್ರಚಿಕಿತ್ಸೆ ಆಯಿತು. ಎರಡು ಸಲವೂ ಪಟ್ಟಿ ಬಿಚ್ಚಿದ ದಿನ ಸೊಸೆ ರಜೆ ಹಾಕಿ ಜೊತೆಗಿದ್ದಳು. ಎರಡನೆಯ ಸಲ ಮನೆಗೆ ನಡೆದು ಬರುವಾಗ ಪುಸ್ತಕದ ಅಂಗಡಿಯ ಮುಂದೆ ನಿಂತುಬಿಟ್ಟೆ. ಎರಡು ವರ್ಷದ ಹಿಂದೆ ಕೈಯಾರೆ ಬರೆದ ಬೋರ್ಡು. ನೀಲಿ ಇಷ್ಟು ನೀಲಿಯೆಂದು ನೆನಪಿರಲಿಲ್ಲ. ಆದರೆ ಅಕ್ಷರದ ಅಂಚುಗಳಲ್ಲಿ ಅಲ್ಲಲ್ಲಿ ಇನ್ನೊಂದು ಬ್ರಷ್ಷು ಓಡಾಡಿತ್ತು. ನನ್ನ ಗೆರೆ ದಾರಿ ತಪ್ಪಿದ ಕಡೆಯೆಲ್ಲ ಯಾರೋ ತಿದ್ದಿದ್ದರು. ಗೆರೆಯ ಕೊನೆಯಲ್ಲಿ ಬ್ರಷ್ಷನ್ನು ತುಸು ತಿರುಗಿಸಿ ಎತ್ತುವ ಆ ರೀತಿ ನಾನೇ ಕಲಿಸಿಕೊಟ್ಟದ್ದು.

ಮಾಲೀಕನನ್ನು ಕೇಳಿದೆ. ಅವನು ಮತ್ತೆ ಗೋಡೆಯ ಕಡೆಗೇ ನೋಡಿದ. “ನೀವು ಊಟಕ್ಕೆ ಹೋದಾಗ ಏಣಿ ಹತ್ತಿ ಸರಿ ಮಾಡ್ತಿದ್ದೆ, ಮೇಷ್ಟ್ರೇ. ಒಂದ್ಸಲ ನೀವು ಏಣಿ ಮೇಲೆ ಮೆಟ್ಟಿಲು ತಪ್ಪಿದ್ರಿ, ಅದಕ್ಕೇ ಏಣಿ ಬೇಡ ಅಂದಿದ್ದು. ಕಣ್ಣು ತೋರಿಸ್ಕೊಳ್ಳಿ ಅನ್ನೋಕೆ ಬಾಯೇ ಬರ್ಲಿಲ್ಲ. ಅಕ್ಷರ ಕಲಿಸಿದವರಿಗೆ ಹೇಗೆ ಹೇಳೋದು?” ಎಂದ. ಒಂದೂವರೆ ವರ್ಷ ಅವನು ಮಧ್ಯಾಹ್ನದ ಊಟವನ್ನು ಹೊತ್ತಿಗೆ ಸರಿಯಾಗಿ ಮಾಡಿರಲಿಲ್ಲ. ನಾನು ಬೈದದ್ದು ತಮ್ಮನ್ನು.

ಆದಕಾರಣ, ಕೆಲಸ ಕಸಿದುಕೊಂಡಿರೆಂಬ ದೂರನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ. ಗುಂಡಿಯ ವಿಷಯದ ದೂರು ಹಾಗೇ ಇರುತ್ತದೆ. ಆಸ್ಪತ್ರೆಗೆ ಹೊಸ ಬೋರ್ಡು ಮಾಡಿಕೊಟ್ಟಿದ್ದೇನೆ. ನೆರಳು ಮಾತ್ರ ಮಸುಕಾಗಿದೆ. ಈಗ ಬೆಳಿಗ್ಗೆ ಬ್ರಷ್ಷು, ಮಧ್ಯಾಹ್ನ ತಮ್ಮ ಸಹವಾಸ. ತಮ್ಮ ಪರಿವಾರದಲ್ಲಿ ಇಷ್ಟೆಲ್ಲ ಜನರಿರುವಾಗ, ಶಿಷ್ಯನೊಬ್ಬ ಗುರುವಿಗೆ ಹೇಳಲಾರದ ಮಾತನ್ನು ಗೋಡೆ ನೋಡದೆ ಹೇಳುವಂತೆ ಮಾಡುವ ಒಂದು ಎಫೆಕ್ಟನ್ನೂ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಅದು ಸಿದ್ಧವಾದ ದಿನ ಮೊದಲು ನನಗೆ ಕೊಡಿ. ಅವನಿಗೆ ನಾನು ಹೇಳಬೇಕಾದ ಕೃತಜ್ಞತೆ ಇನ್ನೂ ಬಾಕಿಯಿದೆ. ನಿನ್ನೆ ಹೇಳಲೆಂದೇ ಹೋಗಿ, ಗೋಡೆಗೆ ಸುಣ್ಣ ಹೊಡೆಸಬೇಕಪ್ಪ ಎಂದು ಹೇಳಿ ಬಂದಿದ್ದೇನೆ.

ಕಣ್ಣು ತೆರೆದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಬೋರ್ಡು ಮೇಷ್ಟ್ರು

ಮರೆತ ಮಾತು: ಈ ಪತ್ರ ಬರೆದು ಮುಗಿಸುವಷ್ಟರಲ್ಲಿ ತಮ್ಮ ತಂತ್ರಾಂಶದ ಹೊಸ ಆವೃತ್ತಿ ತಾನಾಗಿಯೇ ಬಂದು ಕೂತಿದೆ, ಎಂಟು ತಿಂಗಳು ಕಷ್ಟಪಟ್ಟು ಗುರುತಿಟ್ಟುಕೊಂಡ ಜಾಗಗಳಿಂದ ತಾವು ಸಪರಿವಾರ ಮನೆ ಖಾಲಿ ಮಾಡಿದ್ದೀರಿ. ಹೊಸ ವಿಳಾಸ ತಿಳಿಯದ್ದರಿಂದ ಪತ್ರವನ್ನು ಹಳೆಯದಕ್ಕೇ ಕಳಿಸುತ್ತಿದ್ದೇನೆ. ತಲುಪದಿದ್ದರೆ ದಯವಿಟ್ಟು ತಿಳಿಸಿ.